ಹೂಂ ಕಲಿಸಿದವಳು

“ಹೇಲು ಬಳಿಯೋಳಿಗೆ ಕಾನೂನು ಬೇರೆ ಕೇಡು!” ಎಂದು ಮ್ಯಾನೇಜರ್ ಮೇಜು ಗುದ್ದಿದ. ಲೋಟದ ಚಹಾ ತುಳುಕಿತು. “ಒರೆಸು ಅದನ್ನ,” ಎಂದ. ಒರೆಸಿದೆ. ನನ್ನ ಕೈಯಲ್ಲಿ ಆಗಲೇ ಬಟ್ಟೆ ಇತ್ತು, ಯಾವಾಗಲೂ ಇರುತ್ತದೆ. ಸ್ವಲ್ಪ ಮುಂಚೆ ಅದೇ ಬಟ್ಟೆಯಲ್ಲಿ ಏನು ಒರೆಸಿದ್ದೆ ಎಂದು ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ.

“ಯಾರೇ ಹೇಳಿಕೊಟ್ಟಿದ್ದು ನಿನಗೆ ಇದೆಲ್ಲ?”

“ಯಾರೂ ಇಲ್ಲ ಸಾರ್. ನಿಮ್ಮ ಬಾಗಿಲ ಹಿಂದೇನೇ ಇದೆಯಲ್ಲ.”

ನಿಜವಾಗಿಯೂ ಇತ್ತು. ಸರ್ಕಾರದ ನಿಯಮದ ಹಾಳೆಗೆ ಗಾಜು ಹಾಕಿಸಿ ಗೋಡೆಗೆ ತೂಗುಹಾಕಿದ್ದರು. ಆಫೀಸಿನ ಬಾಗಿಲು ತೆರೆದಾಗ ಅದು ಬಾಗಿಲ ಮರೆಗೆ ಹೋಗಿಬಿಡುತ್ತದೆ. ಬಾಗಿಲು ಹಾಕಿಕೊಂಡು ಬೈಸಿಕೊಳ್ಳುವವರ ಕಣ್ಣಿಗೆ ಮಾತ್ರ ಬೀಳುತ್ತದೆ. ನಾಲ್ಕನೇ ಕ್ಲಾಸಿಗೆ ಬಿಟ್ಟವಳು ನಾನು, ಅಕ್ಷರ ಕೂಡಿಸಿಕೊಳ್ಳಲು ಹೊತ್ತು ಹಿಡಿಯುತ್ತದೆ. ಆದರೂ ಹನ್ನೊಂದು ವರ್ಷ ಈ ಆರೈಕೆ ಮನೆಯಲ್ಲಿ ಆಯಾ ಕೆಲಸ ಮಾಡಿ, ಅದನ್ನು ಓದಿ ಮುಗಿಸುವಷ್ಟು ಸಲ ಬೈಸಿಕೊಂಡಿದ್ದೆ. ತಮ್ಮ ತೀರ್ಮಾನ ತಾವು ತೆಗೆದುಕೊಳ್ಳಲಾಗದ ವಯಸ್ಕರನ್ನು ಆರೈಕೆಯ ಹೆಸರಿನಲ್ಲಿ ಸುಮ್ಮನೆ ಬೀಗ ಹಾಕಿ ಇಡುವಂತಿಲ್ಲ. ಇಡಲೇಬೇಕಾದರೆ ಅಧಿಕಾರಿ ಬಂದು ಅವರನ್ನೇ ಕೇಳಬೇಕು. ಅವರ ಪರವಾಗಿ ಮಾತಾಡಲು ಒಬ್ಬರಿರಬೇಕು. ಇಷ್ಟು ಬರೆದು ಕೆಳಗೊಂದು ಸೀಲು ಒತ್ತಿದ್ದರು.

ನಮ್ಮಲ್ಲಿ ಕೆಳಗೆ ಇಪ್ಪತ್ತೆರಡು ಜನ, ಮಹಡಿಯಲ್ಲಿ ಏಳು ಜನ. ಕೆಳಗಿನವರು ಅಂಗಳಕ್ಕೆ ಬರುತ್ತಾರೆ, ಬಿಸಿಲು ಕಾಯಿಸುತ್ತಾರೆ, ಗೇಟಿಗೆ ಹಣೆ ಒತ್ತಿ ಬೀದಿ ನೋಡುತ್ತಾರೆ. ಮಹಡಿಯ ಹಾಲಿಗೆ ಕಬ್ಬಿಣದ ಬಾಗಿಲು. ತಟ್ಟೆ ಅದರ ಕೆಳಗಿನ ಸಂದಿಯಿಂದ ಒಳಗೆ ಹೋಗುತ್ತದೆ, ಅದೇ ಸಂದಿಯಿಂದ ಆಚೆ ಬರುತ್ತದೆ. ಅಲ್ಲಿಗೆ ಹೋದವರ ಕಾಲು ಮೂರು ತಿಂಗಳಲ್ಲಿ ಸೌದೆಯಾಗುತ್ತದೆ. ಆಮೇಲೆ ಬೀಗವೇ ಬೇಕಾಗಿಲ್ಲ, ಆದರೂ ಹಾಕುತ್ತಾರೆ. ಮೇಸ್ತ್ರಿಯನ್ನು ಅಲ್ಲಿಗೆ ಹಾಕಬೇಕೆಂದು ಮ್ಯಾನೇಜರ್ ಅಂದು ಬೆಳಿಗ್ಗೆ ಹೇಳಿದ್ದ. ಅಧಿಕಾರಿ ಬರದೆ ಹಾಕುವ ಹಾಗಿಲ್ಲವಂತಲ್ಲ ಸಾರ್ ಎಂದು ನಾನು ಬಾಯಿ ಬಿಟ್ಟಿದ್ದೆ. ಅದಕ್ಕೇ ಈ ರಾದ್ಧಾಂತ.

ಮೇಸ್ತ್ರಿ ಎಂದರೆ ಗಾರೆ ಕೆಲಸದ ಮೇಸ್ತ್ರಿ. ಮೂರನೇ ಅಂತಸ್ತಿನ ಸಾರವೆಯಿಂದ ತಲೆ ಕೆಳಗಾಗಿ ಬಿದ್ದವನು. ಕಂಟ್ರಾಕ್ಟರ್ ಅವನನ್ನು ಆಸ್ಪತ್ರೆ ಬಾಗಿಲಲ್ಲಿ ಇಳಿಸಿ ಹೋದವನು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಆಸ್ಪತ್ರೆಯವರು ನಮ್ಮಲ್ಲಿಗೆ ಸಾಗಹಾಕಿದರು. ಅದಾಗಿ ಆರು ವರ್ಷ. ಎಡಗಾಲು ಎಳೆಯುತ್ತಾನೆ, ಎಡಗೈ ಸೋತುಹೋಗಿದೆ. ಬಲಗೈ ಮಾತ್ರ ಹಳೆಯ ಕೈಯೇ, ಹಿಡಿದರೆ ಇಕ್ಕಳ. ಬಿಸಿನೀರು ಯಾವುದು ತಣ್ಣೀರು ಯಾವುದು ಅವನಿಗೆ ತಿಳಿಯುವುದಿಲ್ಲ. ಬಟ್ಟೆ ಹಾಕಿದರೆ ಹಾಕಿಸಿಕೊಳ್ಳುತ್ತಾನೆ, ಬಿಚ್ಚಿದರೆ ಬಿಚ್ಚಿಸಿಕೊಳ್ಳುತ್ತಾನೆ.

ಬೀದಿಯಾಚೆ ಒಂದು ಕಟ್ಟಡ ಏಳುತ್ತಿತ್ತು. ಒಂದು ದಿನ ಗೇಟು ತೆರೆದಿದ್ದಾಗ ಮೇಸ್ತ್ರಿ ಕಾಲೆಳೆದುಕೊಂಡು ಹೋಗಿಯೇಬಿಟ್ಟ. ಅಲ್ಲಿದ್ದ ಮುದುಕ ಗಾರೆಯವನು ಓಡಿಸಲಿಲ್ಲ. ಕೆಡವಿದ ಗೋಡೆಯ ಇಟ್ಟಿಗೆ ರಾಶಿ ತೋರಿಸಿ “ಕೂತ್ಕೊಳಪ್ಪ” ಎಂದ. ಅಂದಿನಿಂದ ದಿನಾ ಅದೇ ಆಯಿತು. ಇಟ್ಟಿಗೆಗೆ ಅಂಟಿದ ಹಳೆಯ ಗಾರೆಯನ್ನು ಕರಣೆಯಿಂದ ಕೆರೆದು, ಬೆರಳಲ್ಲಿ ತಟ್ಟಿ, ಕಿವಿಗೆ ಹಿಡಿದು ಕೇಳಿ, ಗಟ್ಟಿಯಿದ್ದದ್ದನ್ನು ಬಲಕ್ಕೆ ಇಡುತ್ತಿದ್ದ, ಬಿರುಕು ಬಿಟ್ಟದ್ದನ್ನು ಎಡಕ್ಕೆ. ನಾನೂ ಮಂಡಿ ಹೋಗುವ ತನಕ ಸಿಮೆಂಟ್ ಬಾಂಡ್ಲಿ ಹೊತ್ತವಳು, ಈ ಕೆಲಸ ನನಗೆ ಗೊತ್ತು. ಒಂದೇ ಒಂದು ಇಟ್ಟಿಗೆಯನ್ನೂ ಅವನು ತಪ್ಪು ಕಡೆ ಇಡಲಿಲ್ಲ. ತೀರ್ಮಾನ ತೆಗೆದುಕೊಳ್ಳಲಾಗದವನಂತೆ ಇವನು! ಮಧ್ಯಾಹ್ನ ನಾನು ಗೇಟಿನಿಂದ ಕೂಗಿದರೆ ಮೈಯೆಲ್ಲ ಕೆಂಪು ಧೂಳು ಮಾಡಿಕೊಂಡು ಊಟಕ್ಕೆ ಬರುತ್ತಿದ್ದ.

ಹೋದ ವಾರ ಬೀದಿ ದಾಟುವಾಗ ನೀರಿನ ಟ್ಯಾಂಕರ್ ಕಿರ್ರೆಂದು ನಿಂತಿತು. “ಸಾಯೋಕೆ ನನ್ನ ಗಾಡೀನೇ ಬೇಕಿತ್ತೇನೋ ಬೋಳಿಮಗನೇ!” ಎಂದು ಡ್ರೈವರ್ ಬೈದದ್ದು ಆಫೀಸಿನವರೆಗೂ ಕೇಳಿಸಿತು. ದಾಟಿಸಲು ಒಬ್ಬ ಆಳು ಇಟ್ಟಿದ್ದರೆ ಸಾಕಾಗಿತ್ತು. ಆಳಿಗಿಂತ ಬೀಗ ಸುಲಭ.

ಮ್ಯಾನೇಜರ್ ಇದ್ದಕ್ಕಿದ್ದಂತೆ ನಕ್ಕ. ಅವನ ಬೈಗುಳಕ್ಕೆ ನಾನು ಹೆದರುವುದಿಲ್ಲ, ನಗುವಿಗೆ ಹೆದರುತ್ತೇನೆ.

“ಸರಿ ಕಣೇ. ಕರೆಸೋಣ ನಿನ್ನ ಅಧಿಕಾರೀನ. ಬಂದು ಅವನನ್ನೇ ಕೇಳಲಿ. ಅವನು ಏನಂತಾನೆ ಅಂತ ನನಗಿಂತ ನಿನಗೇ ಚೆನ್ನಾಗಿ ಗೊತ್ತಲ್ಲ?”

ಗೆದ್ದೆ ಎಂದುಕೊಂಡೇ ಆಚೆ ಬಂದೆ. ಮಧ್ಯಾಹ್ನ ಗಂಜಿ ಕುಡಿಸಲು ಕೂತು, ಚಮಚ ಎತ್ತಿ, “ತಿಂತೀಯಾ ಮೇಸ್ತ್ರಿ?” ಎಂದೆ.

“ಹೂಂ,” ಎಂದ.

ಚಮಚ ಅಲ್ಲೇ ನಿಂತಿತು. ಮ್ಯಾನೇಜರ್ ನಕ್ಕದ್ದು ಯಾಕೆ ಎಂದು ಆಗ ಗೊತ್ತಾಯಿತು.

ಆ ಹೂಂ ನಾನು ಕಲಿಸಿದ್ದು. ಹೊಸದಾಗಿ ಬಂದಾಗ ಮೇಸ್ತ್ರಿಯ ಬಾಯಲ್ಲಿ ಉಳಿದಿದ್ದದ್ದು ಒಂದೇ ಮಾತು, “ಬೇಡ.” ಸ್ನಾನ ಬೇಡ, ಮಾತ್ರೆ ಬೇಡ, ಊಟ ಬೇಡ, ಎಲ್ಲಕ್ಕೂ ಬೇಡ. ಸೊಂಟದಲ್ಲಿ ಬೀಗದಕೈ ಗೊಂಚಲು ಸಿಕ್ಕಿಸಿಕೊಂಡು ತಿರುಗುವ ವಾರ್ಡನಮ್ಮನಿಗೆ ಬೇಡ ಎನ್ನುವವರನ್ನು ಕಂಡರೆ ಮೈಯೆಲ್ಲ ಉರಿ. “ಬೇಡ್ವಾ? ಬಿಡು ಹಾಗಾದ್ರೆ, ಸಾಯಿ,” ಎಂದು ತಟ್ಟೆ ಎತ್ತಿಕೊಂಡು ಹೋಗುತ್ತಿದ್ದಳು. ಸ್ನಾನಕ್ಕೆ ಬೇಡ ಎಂದರೆ ಕಪಾಳಕ್ಕೆ ಬಿಡುತ್ತಿದ್ದಳು. ಮಾತ್ರೆಗೆ ಬೇಡ ಎಂದರೆ ಮೂಗು ಹಿಡಿದು, ಉಸಿರಿಗೆ ಬಾಯಿ ತೆರೆದಾಗ ಒಳಗೆ ತುರುಕುತ್ತಿದ್ದಳು. ಎರಡು ದಿನ ಹೊಟ್ಟೆಗಿಲ್ಲದೆ ಆ ಅಷ್ಟು ದೊಡ್ಡ ಆಳು ಗೋಡೆ ನೆಕ್ಕುತ್ತ ಕೂತಿದ್ದನ್ನು ನನ್ನ ಕಣ್ಣಾರೆ ನೋಡಿದ್ದೇನೆ. ಆಗ ಶುರು ಮಾಡಿದೆ. ಗದ್ದ ಹಿಡಿದು, ಮುಖ ಮುಂದೆ ತಂದು, “ಹೂಂ ಅನ್ನು ನನ್ನಪ್ಪ, ಹೂಂ ಅನ್ನು,” ಎನ್ನುವುದು, ಗಂಟಲಲ್ಲಿ ಸಣ್ಣ ಸದ್ದು ಬಂದರೂ ಚಮಚ ಬಾಯಿಗಿಡುವುದು. ಎಂಟು ತಿಂಗಳು ಹಿಡಿಯಿತು. “ನಿನ್ನ ಗಂಡನಿಗೂ ಇಷ್ಟು ಚೆನ್ನಾಗಿ ಕಲಿಸಲಿಲ್ಲ ನೀನು,” ಎಂದು ಜೊತೆಯ ಆಯಾ ರೇಗಿಸುತ್ತಿದ್ದಳು. ಮೊದಲ ಹೂಂ ಬಂದ ದಿನ ನಾನು ಬಚ್ಚಲಿಗೆ ಹೋಗಿ ಅತ್ತೆ. ಆಮೇಲೆ ಮುಖದ ಮುಂದೆ ಯಾರೇ ಬಗ್ಗಿ ಏನೇ ಕೇಳಲಿ, ಹೂಂ. ಏಟು ನಿಂತವು. ಬೇಡ ಎನ್ನುವ ಮಾತು ಅವನ ಬಾಯಿಂದ ಪೂರ್ತಿ ಹೋಗಿಯೇಬಿಟ್ಟಿತು. ಅವನ ಹತ್ತಿರ ಇದ್ದದ್ದೇ ಅದೊಂದು ಮಾತು. ಅದನ್ನು ಕಿತ್ತುಕೊಂಡವಳು ನಾನು.

ಅಧಿಕಾರಿ ಬರಲು ನಾಲ್ಕು ದಿನ ಇತ್ತು. ನಾಲ್ಕು ದಿನವೂ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕೂರಿಸಿಕೊಂಡು ಬೇಡಿಕೊಂಡೆ.

“ಬೇಡ ಅನ್ನು ಮೇಸ್ತ್ರಿ.”

“ಹೂಂ.”

“ಹೂಂ ಅಲ್ಲ ಕಣೋ. ಬೇಡ. ಬೇ-ಡ.”

“ಹೂಂ.”

“ಅಯ್ಯೋ ನಿನ್ನ! ಆಗೆಲ್ಲ ಬಾಯಿ ತುಂಬ ಅಂತಿದ್ದೆಯಲ್ಲೋ!”

ನಾನು ರೇಗಿದ್ದು ನೋಡಿ ಅವನು ಹೆದರಿದ. ಹೆದರಿ, ಒಂದರ ಹಿಂದೆ ಒಂದು ನಾಲ್ಕು ಸಲ ಹೂಂ ಎಂದ.

ಬಂದ ಅಧಿಕಾರಿ ಚಿಕ್ಕ ವಯಸ್ಸಿನ ಹೆಂಗಸು. ಕೆಟ್ಟವಳಲ್ಲ. ಕುರ್ಚಿ ತಂದರೆ ಬೇಡವೆಂದು ಮೇಸ್ತ್ರಿಯ ಮಂಚದ ಅಂಚಿನಲ್ಲೇ ಕೂತಳು, ಅವನಿಗೆ ನಮಸ್ಕಾರ ಹೇಳಿದಳು, ಬಹುವಚನದಲ್ಲಿ ಮಾತಾಡಿಸಿದಳು. ಆರು ವರ್ಷದಲ್ಲಿ ಅವನನ್ನು ಯಾರೂ ನೀವು ಎಂದಿರಲಿಲ್ಲ. ಪಕ್ಕದಲ್ಲಿ ಮ್ಯಾನೇಜರ್. ಅವನ ಪಕ್ಕದಲ್ಲಿ ಅವನ ಭಾವಮೈದುನ, ಫೋನಿನಲ್ಲಿ ಮುಖ ಹುದುಗಿಸಿಕೊಂಡು ನಿಂತಿದ್ದ. ಮೇಸ್ತ್ರಿಯ ಪರವಾಗಿ ಮಾತಾಡಲು ಗೊತ್ತು ಮಾಡಿದ್ದ ಪ್ರತಿನಿಧಿ ಅವನೇ. ಒಂದು ಸಲ ಹಾಸಿಗೆ ಇಳಿಸಲು ಲಾರಿಯಲ್ಲಿ ಬಂದಾಗ ಮೇಸ್ತ್ರಿಯನ್ನು ನೋಡಿದ್ದನಂತೆ. ನಾನು ಪಕ್ಕದ ಮಂಚದ ಅಜ್ಜನ ಬೆನ್ನಿನ ಹುಣ್ಣಿಗೆ ಪುಡಿ ಹಾಕುತ್ತ ಕಿವಿ ಇತ್ತ ಕೊಟ್ಟಿದ್ದೆ.

“ನಿಮಗೆ ಇಲ್ಲಿ ಹಿತವಾಗಿದೆಯಾ?” ಎಂದು ಅಧಿಕಾರಿ ಬಗ್ಗಿ ಕೇಳಿದಳು.

“ಹೂಂ.”

“ನಿಮ್ಮ ಕ್ಷೇಮಕ್ಕೆ ಅಂತ ಮೇಲಿನ ಹಾಲ್‌ನಲ್ಲಿ ಇಟ್ಟು ಬಾಗಿಲು ಹಾಕ್ತಾರೆ. ಆಗಬಹುದಾ?”

“ಹೂಂ.”

“ಹೊರಗೆ ಹೋಗೋಕಾಗಲ್ಲ. ಅರ್ಥ ಆಯ್ತಾ?”

“ಹೂಂ.”

ಅವಳು ಬರೆದುಕೊಂಡಳು. ಭಾವಮೈದುನ ಫೋನಿನಿಂದ ತಲೆಯೆತ್ತಿ “ನಂದೇನೂ ಅಭ್ಯಂತರ ಇಲ್ಲ,” ಎಂದ.

ಪುಡಿ ಡಬ್ಬಿ ನನ್ನ ಕೈಯಿಂದ ಬಿತ್ತು. “ಮೇಡಂ, ಬರೀಬೇಡಿ. ಅದು ಅವನ ಮಾತಲ್ಲ. ನನ್ನ ಮಾತು. ನಾನು ಕಲಿಸಿದ್ದು.”

“ಏಯ್, ನಿನ್ನ ಕೆಲಸ ನೋಡ್ಕೊಂಡು ಹೋಗೇ,” ಎಂದ ಮ್ಯಾನೇಜರ್. “ಬೆಡ್‌ಪ್ಯಾನ್ ತುಂಬಿ ನಾರ್ತಾ ಇದೆ ಅಲ್ಲಿ.”

ನಾನು ಹೋಗಲಿಲ್ಲ. ಮೇಸ್ತ್ರಿಯ ಗದ್ದ ಹಿಡಿದು ಬಗ್ಗಿದೆ. “ಮೇಸ್ತ್ರಿ, ನಾನು ನಿನ್ನ ತಾಯೇನೋ?”

“ಹೂಂ.”

“ಈ ಮೇಡಂ ನಿನ್ನ ತಾಯೇನೋ?”

“ಹೂಂ.”

ಕೈಯನ್ನು ಅವನ ಕತ್ತಿಗೆ ಇಳಿಸಿದೆ. “ನಿನ್ನ ಕತ್ತು ಹಿಸುಕಿ ಸಾಯಿಸ್ಲೇನೋ?”

“ಹೂಂ,” ಎಂದು ಮೇಸ್ತ್ರಿ, ಗಂಜಿ ಬರುತ್ತದೆಂದು ಬಾಯಿ ತೆರೆದ.

ಅಧಿಕಾರಿಯ ಪೆನ್ನು ನಿಂತಿತು. ಅವಳು ಕನ್ನಡಕ ತೆಗೆದು ಒರೆಸಿಕೊಂಡಳು. ಮ್ಯಾನೇಜರ್ ಅವಳ ಕಿವಿಯ ಹತ್ತಿರ ಬಗ್ಗಿದ. ಆದರೆ ನನಗೆ ಕೇಳಿಸಲಿ ಎಂದೇ ಹೇಳಿದ: “ಇವಳ ಮಾತು ಬಿಡಿ ಮೇಡಂ. ಇವಳಿಗೂ ಅವನಿಗೂ ಏನೋ ಇದೆ ಅಂತ ಎಲ್ಲರೂ ಆಡ್ಕೋತಾರೆ.”

“ಇದೆ ಮೇಡಂ,” ಎಂದೆ. “ಆರು ವರ್ಷದಿಂದ ಅವನ ಕುಂಡೆ ತೊಳೆದಿದೀನಿ. ಅದಕ್ಕೆ ಏನು ಹೆಸರು ಇಡ್ತೀರೋ ಇಟ್ಕೊಳ್ಳಿ. ದಿನಾ ಬೆಳಿಗ್ಗೆ ಆ ಕಟ್ಟಡಕ್ಕೆ ಓಡಿಹೋಗ್ತಾನಲ್ಲ, ಅದು ಅವನ ಮಾತು. ಅದನ್ನ ಬರ್ಕೊಳ್ಳಿ.”

“ನೀವು ಹೇಳೋದು ನಿಜಾನೇ ಇರಬಹುದು,” ಎಂದಳು ಅಧಿಕಾರಿ, ಮೆಲ್ಲಗೆ. “ಆದ್ರೆ ತಕರಾರು ತೆಗೆಯೋ ಹಕ್ಕು ಇರೋದು ಇವರ ಪ್ರತಿನಿಧಿಗೆ. ನೀವು ಇಲ್ಲಿ ಸಂಬಳಕ್ಕಿರೋರು. ಸಂಬಳಕ್ಕಿರೋರು ಪ್ರತಿನಿಧಿ ಆಗೋ ಹಾಗಿಲ್ಲ.”

“ಯಾಕೆ ಮೇಡಂ?”

“ಅಂಥವರು ಸಂಸ್ಥೆ ಕಡೆ ಮಾತಾಡ್ತಾರೆ ಅಂತ.”

ನನಗೆ ನಗು ಬಂದುಬಿಟ್ಟಿತು. “ನಾನು ಸಂಸ್ಥೆ ಕಡೆ ಮಾತಾಡ್ತಾ ಇದೀನಾ?”

ಕಾನೂನು ಮಾಡಿದವರು ಒಳ್ಳೆಯ ಮನಸ್ಸಿನಿಂದಲೇ ಮಾಡಿರಬೇಕು. ಭಾವಮೈದುನನಂಥವರನ್ನು ಅವರು ನೋಡಿಲ್ಲ, ಅಷ್ಟೇ. ನಾನು ಏಪ್ರನ್ ಬಿಚ್ಚಿದೆ. ಹಿಂದಿನ ಗಂಟು ಒದ್ದೆಯಾಗಿ ಬಿಗಿದುಕೊಂಡಿತ್ತು, ಬಿಚ್ಚಲು ಹೊತ್ತಾಯಿತು. ಬಿಚ್ಚಿ ಮ್ಯಾನೇಜರನ ಭುಜದ ಮೇಲೆ ಹಾಕಿದೆ.

“ಈಗ ನಾನು ಸಂಬಳದವಳಲ್ಲ. ಬರ್ಕೊಳ್ಳಿ ಮೇಡಂ. ಬೇಡ. ಮೇಸ್ತ್ರಿಗೆ ಬೀಗ ಬೇಡ.”

ಭಾವಮೈದುನನಿಗೆ ನಿರಾಳವಾಯಿತು. “ನನ್ನ ಹೆಸರು ತೆಗೆದುಬಿಡಿ ಮೇಡಂ, ಪುಣ್ಯ ಬರುತ್ತೆ,” ಎಂದು ಜಾರಿಕೊಂಡ. ಅಧಿಕಾರಿ ನನ್ನ ಕೈಯಲ್ಲಿ ಮೂರು ಕಡೆ ಸಹಿ ಹಾಕಿಸಿಕೊಂಡಳು. ಆಮೇಲೆ ಒಂದೊಂದಾಗಿ ಹೇಳಿದಳು. ತಕರಾರು ಬಂದಿರುವುದರಿಂದ ಮೇಲಧಿಕಾರಿಗಳು ವಿಚಾರಣೆ ಮಾಡುತ್ತಾರೆ. ಅದಕ್ಕೆ ಇಪ್ಪತ್ತೊಂದು ದಿನ. ಅಲ್ಲಿಯವರೆಗೆ, ಟ್ಯಾಂಕರಿನ ವಿಷಯ ಇರುವುದರಿಂದ, ತಾತ್ಕಾಲಿಕವಾಗಿ ಬಾಗಿಲು ಹಾಕಬಹುದು. ಪ್ರತಿನಿಧಿ ಬಂದು ನೋಡಿಕೊಂಡು ಹೋಗಬಹುದು.

“ಖಂಡಿತ ಬರಲಿ,” ಎಂದ ಮ್ಯಾನೇಜರ್. ಏಪ್ರನ್ ಇನ್ನೂ ಅವನ ಭುಜದ ಮೇಲೇ ಇತ್ತು. “ನಮ್ಮಲ್ಲಿ ಹೊರಗಿನವರ ಭೇಟಿ ಭಾನುವಾರ, ಮೂರೂವರೆಯಿಂದ ನಾಲ್ಕು. ಅರ್ಧ ಗಂಟೆ.”

ಹೊರಗಿನವರು ಎಂದಾಗ ನನಗೆ ತಟ್ಟಿತು. ಮೇಸ್ತ್ರಿಯ ಪರ ನಿಲ್ಲಬೇಕೆಂದು ಅವನ ಪಕ್ಕದಿಂದಲೇ ಎದ್ದು ಬಂದಿದ್ದೆ. ಇನ್ನು ಅವನಿಗೆ ಉಣಿಸುವವರು ಯಾರು? ಅಷ್ಟರಲ್ಲಿ ಇಬ್ಬರು ಆಳುಗಳು ಹಿಡಿದು ಅವನನ್ನು ಮೆಟ್ಟಿಲು ಹತ್ತಿಸುತ್ತಿದ್ದರು. “ನಡಿ ಮೇಲೆ, ಆಯ್ತಾ?” ಎಂದಳು ವಾರ್ಡನಮ್ಮ. “ಹೂಂ,” ಎನ್ನುತ್ತ ಎಡಗಾಲನ್ನು ಒಂದೊಂದೇ ಮೆಟ್ಟಿಲಿಗೆ ಎತ್ತಿ ಇಡುತ್ತ ಹೋದ.

ಮನೆಯಲ್ಲಿ ಮಗಳು ತಲೆ ಚಚ್ಚಿಕೊಂಡಳು. “ನಿನಗೇನು ಹುಚ್ಚಾ ಅಮ್ಮ? ಅವನ್ಯಾರು ನಿನಗೆ?” ಎಂದಳು. ಮಾರನೆಯ ದಿನವೇ ಬೀದಿಯಾಚೆಯ ಕಟ್ಟಡಕ್ಕೆ ಹೋಗಿ ಬಾಂಡ್ಲಿ ಹೊರುತ್ತೇನೆಂದೆ. ಮುದುಕ ಗಾರೆಯವನು ನನ್ನ ಮಂಡಿ ನೋಡಿ ಮುಖ ಸಿಂಡರಿಸಿದರೂ ಸೇರಿಸಿಕೊಂಡ. “ನಿಮ್ಮ ಮೇಸ್ತ್ರಿ ಯಾಕಮ್ಮ ಬರಲಿಲ್ಲ?” ಎಂದು ಕೇಳಿದ. ಹೇಳಿದೆ. ಅವನು ಕರಣೆಯನ್ನು ಒರೆಸಿ ಇಟ್ಟಿಗೆ ರಾಶಿಯ ಮೇಲೆ ಇಟ್ಟ. ಮಹಡಿಯ ಹಾಲಿನ ಕಿಟಕಿ ಅಲ್ಲಿಂದ ಕಾಣುತ್ತದೆ, ಆದರೆ ಅದಕ್ಕೆ ದಪ್ಪ ಜಾಲರಿ ಹೊಡೆದಿದ್ದಾರೆ. ಬಾಂಡ್ಲಿ ಇಳಿಸಿದಾಗಲೆಲ್ಲ ಕತ್ತೆತ್ತಿ ನೋಡುತ್ತಿದ್ದೆ. ಯಾರೂ ಕಾಣುತ್ತಿರಲಿಲ್ಲ.

ಭಾನುವಾರ ಮೂರೂವರೆಗೆ ಸರಿಯಾಗಿ ವಾರ್ಡನಮ್ಮ ಕಬ್ಬಿಣದ ಬಾಗಿಲು ತೆಗೆದಳು. “ಬನ್ನಿ ಪ್ರತಿನಿಧಿಗಳೇ,” ಎಂದು ಕಿಸಕ್ಕನೆ ನಕ್ಕಳು.

ಮೇಸ್ತ್ರಿ ಬಾಗಿಲ ಪಕ್ಕದಲ್ಲೇ ಗೋಡೆಗೆ ಒರಗಿ ಕೂತಿದ್ದ. ಯಾರದೋ ಅಂಗಿ ಹಾಕಿದ್ದರು, ಗುಂಡಿ ಸೇರುತ್ತಿರಲಿಲ್ಲ. ಗಲ್ಲ ಒಳಗೆ ಹೋಗಿತ್ತು. ಬಲಗೈಯ ಉಗುರುಗಳಲ್ಲಿ ಸುಣ್ಣ, ರಕ್ತ; ಪಕ್ಕದ ಗೋಡೆಯ ಗಾರೆಯನ್ನು ಎರಡು ಗೇಣು ಕೆರೆದು ಒಳಗಿನ ಇಟ್ಟಿಗೆ ಕಾಣಿಸಿದ್ದ. ನನ್ನನ್ನು ನೋಡಿ, ನಾನು ಏನೂ ಕೇಳದೇನೇ, “ಹೂಂ” ಎಂದ. ಮ್ಯಾನೇಜರ್ ಮೇಜು ಗುದ್ದಿದಂದಿನಿಂದ ಒಂಬತ್ತು ದಿನದಲ್ಲಿ ಮೊದಲ ಸಲ ನಾನು ಜೋರಾಗಿ ಅತ್ತೆ.

ಅಳುತ್ತಲೇ ಕೆಲಸ ಮಾಡಿದೆ. ಹಿಮ್ಮಡಿಯಲ್ಲಿ ಹುಣ್ಣು ಶುರುವಾಗಿತ್ತು, ತೊಳೆದೆ. ಉಚ್ಚೆಯ ಪ್ಯಾಡ್ ಬೆಳಗಿನದೇ ಇತ್ತು, ಬದಲಿಸಿದೆ. ಡಬ್ಬಿಯಲ್ಲಿ ತಂದಿದ್ದ ಗಂಜಿಯನ್ನು ಒಂದು ತೊಟ್ಟೂ ಬಿಡದೆ ಕುಡಿದ. ಅಷ್ಟರಲ್ಲಿ ಬೀಗದಕೈ ಗೊಂಚಲು ಝಲ್ ಎಂದಿತು.

“ನಾಲ್ಕಾಯ್ತು. ಎದ್ದೇಳು.”

“ಇನ್ನೈದು ನಿಮಿಷ ವಾರ್ಡನಮ್ಮ. ಉಗುರು ತೊಳೆದುಬಿಡ್ತೀನಿ.”

“ರೂಲ್ಸ್ ಅಂದ್ರೆ ರೂಲ್ಸ್. ನಿನಗೆ ಕಾನೂನು ಬಹಳ ಇಷ್ಟ ಅಲ್ವಾ?”

ಎದ್ದೆ. ಮೇಸ್ತ್ರಿಯ ಮುಖದ ಮುಂದೆ ಬಗ್ಗಿ, “ಹೋಗಿಬರ್ಲಾ ನನ್ನಪ್ಪ?” ಎಂದೆ. ಅಭ್ಯಾಸಬಲದಿಂದ ಕೇಳಿಬಿಟ್ಟೆ, ಕೇಳಬಾರದಿತ್ತು.

“ಹೂಂ,” ಎಂದ.

ಬಾಗಿಲ ಕಡೆ ಹೆಜ್ಜೆ ಇಟ್ಟೆ. ಆಗಲಿಲ್ಲ. ಅವನ ಬಲಗೈ ನನ್ನ ಮಣಿಕಟ್ಟನ್ನು ಹಿಡಿದಿತ್ತು. ಎಳೆದುಕೊಂಡೆ, ಬಿಡಲಿಲ್ಲ. ಇನ್ನೂ ಬಿಗಿಯಾಯಿತು. ಮುಖ ನೋಡಿದರೆ ಏನೂ ಇಲ್ಲ, ಎಂದಿನ ಹಾಗೇ ಕಣ್ಣು ಎಲ್ಲೋ. ಕೈ ಮಾತ್ರ ಇಲ್ಲೇ.

“ಬಿಡೋ ಅವಳ ಕೈನ, ಲೋಫರ್!” ವಾರ್ಡನಮ್ಮ ಒಳಗೆ ನುಗ್ಗಿದಳು. “ಅವಳು ಹೋಗಲಿ ಬಿಡು. ಆಯ್ತಾ?”

“ಹೂಂ.”

“ಹೂಂ ಅಂದನಲ್ಲ, ಕಿತ್ಕೊಂಡು ಬಾರೇ ಮತ್ತೆ!”

“ನೀನೂ ಅವನ ಬಾಯೇ ನೋಡ್ತೀಯಲ್ಲೇ,” ಎಂದೆ. “ಕೈ ನೋಡು.”

ಅವಳು ಅವನ ಬೆರಳುಗಳನ್ನು ಬಿಡಿಸತೊಡಗಿದಳು. ಒಂದು ಬಿಡಿಸಿದರೆ ಇನ್ನೊಂದು ಕಚ್ಚಿಕೊಳ್ಳುತ್ತಿತ್ತು. ನನ್ನ ಕೈ ನೀಲಿಗಟ್ಟಿ ಜೋಮು ಹಿಡಿಯಿತು. ಐದು ವರ್ಷದ ಮೇಲೆ ಅವನು ಒಂದು ಮಾತಾಡಿದ್ದ, ನಾನು ಕಲಿಸದ ಮಾತು. ನಾನು ಕೂತುಬಿಟ್ಟೆ. ಬಾಗಿಲ ನಟ್ಟನಡುವೆ ಹೊಸ್ತಿಲ ಮೇಲೆ ಕೂತು, ಮಡಚಲಾಗದ ಕಾಲನ್ನು ಆಚೆಗೆ ಚಾಚಿದೆ. ಕಬ್ಬಿಣದ ಬಾಗಿಲು ನನ್ನ ಕಾಲನ್ನು ಜಜ್ಜದೆ ಮುಚ್ಚುವಂತಿರಲಿಲ್ಲ.

“ಮ್ಯಾನೇಜರನ್ನ ಕರಿ,” ಎಂದೆ. “ಆ ಅಧಿಕಾರೀನೂ ಕರೆಸು. ಬಂದು ಈ ಕೈ ನೋಡಲಿ. ಎಷ್ಟು ಜೋರಾಗಿ ಹಿಡಿದಿದಾನೆ ಅಂತ ಬರ್ಕೊಳ್ಳಲಿ. ಅಲ್ಲೀತನಕ ನಾನು ಏಳಲ್ಲ.”

“ಬಾಗಿಲು ಹಾಕಿದ್ರೆ ನಿನ್ನ ಕಾಲು ಮುರಿಯುತ್ತೆ, ನೋಡು.”

“ಹಾಕು.”

ವಾರ್ಡನಮ್ಮ ನನ್ನನ್ನು ದಾಟಿ ಆಚೆ ಹೋಗಿ, ಎರಡೂ ಕೈಯಿಂದ ಬಾಗಿಲು ನೂಕಿದಳು. ಅಂಚು ನನ್ನ ಮಂಡಿಗೆ ಬಂದು ಒತ್ತಿತು. “ಏಳ್ತೀಯೋ ಇಲ್ವೋ?” ಎಂದು ಅವಳು ಚೀರಿದಳು. ನಾನು ಹಲ್ಲು ಕಚ್ಚಿಕೊಂಡೆ. ಪಕ್ಕದಿಂದ ಮೇಸ್ತ್ರಿ ನನ್ನ ಪರವಾಗಿ “ಹೂಂ” ಎಂದ, ಮತ್ತು ಹಿಡಿತವನ್ನು ಇನ್ನಷ್ಟು ಬಿಗಿ ಮಾಡಿದ.